ರಾತ್ರಿ ನಾಲ್ಕು ಸಲ ಏಳುವವರ ಚರಿತ್ರೆ

1900ರ ಡಿಸೆಂಬರ್ ತಿಂಗಳ ಮೊದಲ ಎಂಟು ದಿನಗಳಲ್ಲಿ ಎರಡು ಸಂಗತಿಗಳು ನಡೆದವು. 1ನೇ ತಾರೀಖು ಲಂಡನ್ನಿನಲ್ಲಿ ಪೀಟರ್ ಫ್ರೇಯರ್ ಎಂಬ ಶಸ್ತ್ರವೈದ್ಯ 69 ವರ್ಷದ ಮುದುಕನೊಬ್ಬನ ಕಿಬ್ಬೊಟ್ಟೆ ಕೊಯ್ದು, ಮೂತ್ರಕೋಶದೊಳಕ್ಕೆ ಬೆರಳು ಹಾಕಿ, ಉಬ್ಬಿ ದಾರಿಗಡ್ಡ ನಿಂತಿದ್ದ ಪ್ರಾಸ್ಟೇಟ್ ಗ್ರಂಥಿಯನ್ನು ಸುಲಿದು ತೆಗೆದ. 8ನೇ ತಾರೀಖು ಬೆಂಗಳೂರಿನಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ವಿಕ್ಟೋರಿಯಾ ಆಸ್ಪತ್ರೆಯನ್ನು ಉದ್ಘಾಟಿಸಿದ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಹಳೆಯ ಮೈಸೂರು ಸೀಮೆಯ ವೈದ್ಯಕೀಯ ಚರಿತ್ರೆಯ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ಬಹಳ ಸಲ ನೋಡಿದ್ದೇನೆ. ವಿಕ್ಟೋರಿಯಾ ಆಸ್ಪತ್ರೆಯಿಂದ ನನ್ನ ಊರು ಸೂಲಿಬೆಲೆ ಒಂದು ಬೆಳಗಿನ ಬಸ್ಸಿನ ದಾರಿ. ಲಂಡನ್ನಿನಲ್ಲಿ ಅಂದು ಸಾಧ್ಯವಾದದ್ದು ಆ ಬಸ್ಸಿನ ದಾರಿ ದಾಟಿ ನಮ್ಮ ಮನೆಯ ಜಗುಲಿಗೆ ಬಂದು ಮುಟ್ಟಲು ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಈ ನೂರು ವರ್ಷ ಯಾಕೆ ಹಿಡಿಯಿತು ಎನ್ನುವುದು ಆಸ್ಪತ್ರೆ, ದುಡ್ಡು, ರಸ್ತೆಗಳ ಪ್ರಶ್ನೆ ಮಾತ್ರವಲ್ಲ ಎಂದು ನನಗೆ ಅನ್ನಿಸತೊಡಗಿದೆ.

ಮೂತ್ರದ ಕಾಯಿಲೆಗಳ ಚರಿತ್ರೆ ಬರೆಯಲು ಕೂತವನಿಗೆ ಮೊದಲು ಎದುರಾಗುವುದು ಕಲ್ಲು. ಗ್ರಂಥಿ ಎಲ್ಲೋ ಹಿಂದೆ ಅಡಗಿರುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಅಶ್ಮರಿಗೆ, ಅಂದರೆ ಮೂತ್ರಕೋಶದ ಕಲ್ಲಿಗೆ, ಒಂದು ಇಡೀ ಅಧ್ಯಾಯವಿದೆ. ಚಿಕಿತ್ಸಾಸ್ಥಾನದಲ್ಲಿ ಇನ್ನೊಂದು. ಆ ಎರಡನೆಯದನ್ನು ಓದುವಾಗ ಗ್ರಂಥವನ್ನಲ್ಲ, ಪಕ್ಕದಲ್ಲಿ ನಿಂತ ಅನುಭವಸ್ಥನ ಮಾತನ್ನು ಕೇಳುತ್ತಿದ್ದೇವೆ ಎನ್ನಿಸುತ್ತದೆ. ರೋಗಿಯನ್ನು ಬಲವಾದ, ಗಾಬರಿಯಾಗದ ಒಬ್ಬನ ತೊಡೆಯ ಮೇಲೆ ಆನಿಸಿ ಮಲಗಿಸಬೇಕು. ವೈದ್ಯ ಉಗುರು ಕತ್ತರಿಸಿಕೊಂಡಿರಬೇಕು. ಎಡಗೈಯ ಎರಡು ಬೆರಳುಗಳಿಗೆ ಎಣ್ಣೆ ಸವರಿ ಗುದದ್ವಾರದಿಂದ ಒಳಕ್ಕೆ ಬಿಟ್ಟು, ಕಲ್ಲನ್ನು ಕೆಳಕ್ಕೆ ಒತ್ತಿ ತಂದು, ಅದು ಗಂಟಿನ ಹಾಗೆ ಉಬ್ಬಿ ಕಾಣುವಂತೆ ಮಾಡಬೇಕು. ಮಧ್ಯದ ಹೊಲಿಗೆಯಂಥ ಗೆರೆಯಿಂದ ಜವೆಗೋಧಿ ಕಾಳಿನಷ್ಟು ಎಡಕ್ಕೆ ಬಿಟ್ಟು, ಕಲ್ಲಿನ ಅಳತೆಗೆ ತಕ್ಕಷ್ಟೇ ಕೊಯ್ಯಬೇಕು. ಕಲ್ಲು ಒಡೆಯಬಾರದು, ಚೂರು ಉಳಿದರೆ ಅದೇ ಮತ್ತೆ ಬೆಳೆಯುತ್ತದೆ. ಆದಮೇಲೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಕು.

ಇಷ್ಟೆಲ್ಲ ಹೇಳುವ ಮೊದಲು ಗ್ರಂಥಕಾರ ಇನ್ನೊಂದು ಮಾತು ಹೇಳುತ್ತಾನೆ. ಕುಶಲನಾದ ವೈದ್ಯನ ಕೈಯಲ್ಲೂ ಇಲ್ಲಿ ಗೆಲುವು ಖಚಿತವಲ್ಲ. ಏನೂ ಮಾಡದಿದ್ದರೆ ಸಾವು ಖಂಡಿತ, ಮಾಡಿದರೆ ಬದುಕು ಅನುಮಾನ. ಆದ್ದರಿಂದ ಒಡೆಯನ ಅಪ್ಪಣೆ ಪಡೆದು ಮುಂದುವರಿಯಬೇಕು ಎಂದು. ಇಂದು ಆಸ್ಪತ್ರೆಯಲ್ಲಿ ನಾವು ಓದದೆ ಸಹಿ ಹಾಕುವ ಒಪ್ಪಿಗೆ ಪತ್ರದ ಮುತ್ತಜ್ಜ ಇದು ಎಂದು ಹೇಳಿದರೆ ಸ್ವಲ್ಪ ಉತ್ಪ್ರೇಕ್ಷೆಯಾದೀತು. ಅಪ್ಪಣೆ ಕೊಡಬೇಕಾದವನು ರೋಗಿಯಲ್ಲ, ಒಡೆಯ ಎನ್ನುವುದನ್ನು ಮರೆಯುವಂತಿಲ್ಲ. ಆದರೂ ಚಾಕು ಹಿಡಿದವನು ತನ್ನ ಕೈಯನ್ನೇ ಪೂರ್ತಿ ನಂಬದ ಈ ಪ್ರಾಮಾಣಿಕತೆ ಹಳೆಯ ವೈದ್ಯಗ್ರಂಥಗಳಲ್ಲಿ ಅಪರೂಪ.

ಗ್ರಂಥಿಯೂ ಇದೆ, ಆದರೆ ಬೇರೊಂದು ಹೆಸರಿನಲ್ಲಿ. ಸಂಹಿತೆಯ ಕೊನೆಯ ಭಾಗವಾದ ಉತ್ತರತಂತ್ರದಲ್ಲಿ ಮೂತ್ರಾಘಾತ, ಅಂದರೆ ಮೂತ್ರ ಕಟ್ಟುವುದು, ಹನ್ನೆರಡು ಬಗೆ ಎನ್ನುತ್ತಾರೆ. ಅದರಲ್ಲಿ ಒಂದು ವಾತಾಷ್ಠೀಲಾ. ಮಲದ ದಾರಿಗೂ ಮೂತ್ರಕೋಶಕ್ಕೂ ನಡುವೆ ವಾಯು ಸೇರಿಕೊಂಡು, ಗುಂಡುಕಲ್ಲಿನಂತೆ ಗಟ್ಟಿಯಾದ, ಅಲುಗಾಡದ, ಎದ್ದು ನಿಂತ ಒಂದು ಗಂಟನ್ನು ಮಾಡುತ್ತದೆ. ಅದರಿಂದ ಮಲ, ಮೂತ್ರ, ವಾಯು ಮೂರೂ ಕಟ್ಟುತ್ತವೆ. ಇಷ್ಟೇ ವಿವರಣೆ. ಇಂದಿನ ಆಯುರ್ವೇದದ ಪಠ್ಯಗಳು ಇದನ್ನು ಪ್ರಾಸ್ಟೇಟ್ ಊತ ಎಂದೇ ಹೇಳಿ ಮುಂದೆ ಸಾಗುತ್ತವೆ. ನಾನು ಅಷ್ಟು ಧೈರ್ಯ ಮಾಡಲಾರೆ. ಗ್ರಂಥಿ ಎಂಬ ಅಂಗದ ಕಲ್ಪನೆಯೇ ಅಲ್ಲಿಲ್ಲ, ಇರುವುದು ವಾಯುವಿನ ದೋಷ. ಆದರೆ ಜಾಗವನ್ನು ನೋಡಿ: ಗುದನಾಳಕ್ಕೂ ಮೂತ್ರಕೋಶಕ್ಕೂ ನಡುವೆ. ಕಲ್ಲು ಹುಡುಕಲು ಒಳಗೆ ಹೋದ ಆ ಎರಡು ಬೆರಳುಗಳಿಗೆ ಎಷ್ಟೋ ಸಲ ಕಲ್ಲು ಸಿಗದೆ ಇನ್ನೇನೋ ಗಟ್ಟಿಯಾದದ್ದು ತಾಗಿರಬೇಕು. ಅದನ್ನು ಮುಟ್ಟಿದವರಿದ್ದರು, ತೆಗೆದವರಿರಲಿಲ್ಲ.

ಯುರೋಪಿನಲ್ಲೂ ಕಥೆ ಬಹಳ ಬೇರೆಯಲ್ಲ. ಪ್ರಾಸ್ಟೇಟ್ ಎಂಬ ಪದ ಗ್ರೀಕಿನದು, 'ಮುಂದೆ ನಿಂತದ್ದು' ಎಂದು ಅರ್ಥ. ಸಂಸ್ಕೃತ ಮಾಡಿ ಕನ್ನಡದಲ್ಲಿ ಪುರಸ್ಥ ಗ್ರಂಥಿ ಎಂದು ಬರೆಯುವುದೂ ಅದರ ಅನುವಾದವೇ. 1538ರಲ್ಲಿ ವೆಸೇಲಿಯಸ್ ಅದರ ಚಿತ್ರ ಬರೆಸಿದ. ಚಿತ್ರ ಬಂದು ಮುನ್ನೂರು ವರ್ಷ ಕಳೆದರೂ ಮುದುಕರಿಗೆ ಸಿಕ್ಕಿದ ಉಪಾಯ ಒಂದೇ, ನಳಿಗೆ. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಅಣ್ಣನಿಗಾಗಿ ಬಾಗುವ ಬೆಳ್ಳಿಯ ನಳಿಗೆಯೊಂದನ್ನು ಮಾಡಿಸಿದ್ದು ಪ್ರಸಿದ್ಧ. ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಗೃಹಸ್ಥರು ನಳಿಗೆಯನ್ನು ಟೋಪಿಯ ಒಳಗೆ, ಊರುಗೋಲಿನ ಒಳಗೆ ಅಡಗಿಸಿಕೊಂಡು ಓಡಾಡುತ್ತಿದ್ದರು. ದಿನಕ್ಕೆ ಹಲವು ಸಲ ತಾವೇ ಹಾಕಿಕೊಳ್ಳುವುದು, ಕೀವು, ಜ್ವರ, ಕೊನೆಗೆ ಸಾವು. ಈ ಸ್ಥಿತಿಗೆ ವೈದ್ಯರು 'ನಳಿಗೆ ಬಾಳು' ಎಂಬರ್ಥದ ಒಂದು ಹೆಸರನ್ನೇ ಇಟ್ಟಿದ್ದರು.

ಇನ್ನು ನಮ್ಮ ಸೀಮೆಯ ದಾಖಲೆಗಳು. ಕನ್ನಡದಲ್ಲಿ ವೈದ್ಯ ಬರವಣಿಗೆಗೆ ಸಾವಿರ ವರ್ಷದ ಇತಿಹಾಸವಿದೆ. 1025ರ ಹೊತ್ತಿಗೆ ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯ 'ಲೋಕೋಪಕಾರ' ಬರೆದ. ನೀರು ನೋಡುವುದು, ಗಿಡ ಬೆಳೆಸುವುದು, ಅಡುಗೆ, ಸುಗಂಧ, ವೈದ್ಯ ಎಲ್ಲ ಒಂದೇ ಪುಸ್ತಕದಲ್ಲಿ. ಹನ್ನೆರಡನೇ ಶತಮಾನದಲ್ಲಿ ಜಗದ್ದಳ ಸೋಮನಾಥ 'ಕರ್ನಾಟಕ ಕಲ್ಯಾಣಕಾರಕ' ಬರೆದ. ಹದಿನಾಲ್ಕರಲ್ಲಿ ಮಂಗರಾಜ ವಿಷವೈದ್ಯಕ್ಕೆಂದೇ 'ಖಗೇಂದ್ರಮಣಿದರ್ಪಣ' ಬರೆದ. ಕೀರ್ತಿವರ್ಮನ 'ಗೋವೈದ್ಯ' ದನಗಳಿಗೆ, ಅಭಿನವಚಂದ್ರನ 'ಅಶ್ವವೈದ್ಯ' ಕುದುರೆಗಳಿಗೆ. ಹಾವಿಗೆ, ದನಕ್ಕೆ, ಕುದುರೆಗೆ ಪ್ರತ್ಯೇಕ ಗ್ರಂಥ ಮಾಡಿದ ಭಾಷೆಯಲ್ಲಿ ಮುಪ್ಪಿಗೊಂದು ಪ್ರತ್ಯೇಕ ಗ್ರಂಥವಿದ್ದಿದ್ದರೆ ಎಂದು ನನಗೆ ಆಸೆಯಾಗುವುದುಂಟು. ಮುಪ್ಪು ಅವರಿಗೆ ರೋಗವಾಗಿರಲಿಲ್ಲ, ವೈರಾಗ್ಯದ ವಿಷಯವಾಗಿತ್ತು. ವಚನಕಾರರೂ ದಾಸರೂ ನರೆಗೂದಲು, ಬಿದ್ದ ಹಲ್ಲು, ನಡುಗುವ ಕಾಲುಗಳನ್ನು ಹಾಡಿದರು. ರಾತ್ರಿ ನಾಲ್ಕು ಸಲ ಏಳುವುದನ್ನು ಯಾರು ಹಾಡುತ್ತಾರೆ?

ಶಾಸನಗಳಲ್ಲೂ ಹೀಗೇ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಅಲ್ಲಿ ನಾನಾ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತು ಎನ್ನುತ್ತದೆ. ಕರ್ನಾಟಕದ ಆಸ್ಪತ್ರೆಗಳ ಚರಿತ್ರೆ ಹೇಳುವಾಗ ಎಲ್ಲರೂ ಹೆಮ್ಮೆಯಿಂದ ಎತ್ತಿ ತೋರಿಸುವ ಶಾಸನ ಇದು. ಆದರೆ ಅಲ್ಲಿ ಎಲ್ಲ ರೋಗಿಗಳೂ ಸೇರಿ ಒಂದೇ ಗುಂಪು. ನಮ್ಮ ಹೊಸಕೋಟೆ ತಾಲ್ಲೂಕಿನ ಶಾಸನಗಳು 1905ರಲ್ಲಿ ಬಂದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿವೆ. ಈ ಸೀಮೆಯ ವೀರಗಲ್ಲುಗಳು ತುರುಗಾಳಗದಲ್ಲಿ ಬಿದ್ದವನನ್ನು, ಹುಲಿಯೊಡನೆ ಹೋರಾಡಿ ಸತ್ತವನನ್ನು ನೆನೆಯುತ್ತವೆ. ಮನೆಯ ಮೂಲೆಯಲ್ಲಿ, ಕಿಬ್ಬೊಟ್ಟೆ ಊದಿಕೊಂಡು, ಎರಡು ದಿನ ಒದ್ದಾಡಿ ಸತ್ತ ಯಜಮಾನನಿಗೆ ಕಲ್ಲು ನೆಡುವ ಪದ್ಧತಿ ಎಲ್ಲೂ ಇಲ್ಲ.

ಹಿಂದಿನ ಕಾಲದಲ್ಲಿ ಜನ ಅಷ್ಟು ವರ್ಷ ಬದುಕುತ್ತಲೇ ಇರಲಿಲ್ಲ, ಹಾಗಾಗಿ ಈ ಕಾಯಿಲೆಯೂ ಇರಲಿಲ್ಲ ಎಂದು ಹೇಳುವವರಿದ್ದಾರೆ. 1941ರಿಂದ 1951ರ ನಡುವೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ ಎನ್ನುವುದು ನಿಜ. ಆದರೆ ಅದು ಮಕ್ಕಳ ಸಾವುಗಳು ಎಳೆದು ತಗ್ಗಿಸಿದ ಸರಾಸರಿ. ಎಳವೆಯನ್ನು ದಾಟಿದವರಲ್ಲಿ ಎಷ್ಟೋ ಜನ ಅರವತ್ತು, ಎಪ್ಪತ್ತು ಕಂಡರು. ಊರೆಂದಮೇಲೆ ಮುದುಕರು ಇದ್ದೇ ಇದ್ದರು.

ಕಲ್ಲಿನ ವಿಷಯ ಹಾಗಲ್ಲ. ಕಲ್ಲನ್ನು ಕೈಗೆ ತೆಗೆದುಕೊಂಡು ತೋರಿಸಬಹುದು, ತೂಗಬಹುದು, ಬಾಟಲಿಯಲ್ಲಿ ಹಾಕಿ ಬೀರುವಿನಲ್ಲಿ ಇಡಬಹುದು. ಬ್ರಿಟಿಷರ ಕಾಲದ ವೈದ್ಯರು ಎಷ್ಟು ಕಲ್ಲು ತೆಗೆದೆವು ಎಂದು ಎಣಿಸಿ ಬರೆದರು. ಆ ಎಣಿಕೆಯಿಂದಲೇ ಒಂದು ವಿಚಿತ್ರ ಹೊರಬಿತ್ತು. ಪಂಜಾಬು, ಸಿಂಧ್ ಕಡೆ ಮೂತ್ರಕೋಶದ ಕಲ್ಲು ವಿಪರೀತ, ಅದರಲ್ಲೂ ಚಿಕ್ಕ ಹುಡುಗರಲ್ಲಿ. ದಕ್ಷಿಣದಲ್ಲಿ ಬಹಳ ಕಡಿಮೆ. ನೀಲಗಿರಿಯ ಕೂನೂರಿನಲ್ಲಿ, ಮೈಸೂರಿನ ಗಡಿಗೆ ಹತ್ತಿರದಲ್ಲೇ, ರಾಬರ್ಟ್ ಮೆಕ್ಯಾರಿಸನ್ ಇಲಿಗಳಿಗೆ ಬೇರೆಬೇರೆ ಊಟ ಹಾಕಿ ಇದಕ್ಕೆ ಕಾರಣ ಹುಡುಕಿದ. ಹಾಲಿಲ್ಲದೆ ಬರೀ ಗೋಧಿಹಿಟ್ಟಿನಂಥ ಧಾನ್ಯದ ಮೇಲೆ ಬೆಳೆದ ಇಲಿಗಳಲ್ಲಿ ಕಲ್ಲು ಬೆಳೆಯಿತು, ಹಾಲು ಸೇರಿಸಿದರೆ ತಪ್ಪಿತು. 1931ರಲ್ಲಿ ಇದನ್ನು ಪ್ರಕಟಿಸಿದ. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಮಕ್ಕಳ ಆ ಕಲ್ಲು ಊಟ ಸುಧಾರಿಸಿದ ಹಾಗೆ ಮರೆಯಾಗುತ್ತ ಬಂತು. ಇಂದು ನಮ್ಮ ಕಡೆ ಹುರುಳಿ ಕಟ್ಟು, ಬಾಳೆದಿಂಡಿನ ರಸ ಕುಡಿಯುವವರದು ಕಿಡ್ನಿಯ ಕಲ್ಲು, ಅದು ಬೇರೆ ಜಾತಿ. ಸಾವಿರ ಅಡಿ ಬೋರ್‌ವೆಲ್ಲಿನ ಗಡಸು ನೀರೇ ಇದಕ್ಕೆ ಕಾರಣ ಎಂದು ಸೂಲಿಬೆಲೆಯಲ್ಲಿ ಎಲ್ಲರೂ ನಂಬುತ್ತಾರೆ. ನೀರಿನ ಗಡಸಿಗಿಂತ ಬಿಸಿಲಲ್ಲಿ ದುಡಿಯುವವರು ನೀರು ಕುಡಿಯುವುದೇ ಕಡಿಮೆ ಎನ್ನುವುದು ದೊಡ್ಡ ಕಾರಣ ಎಂದು ವೈದ್ಯರು ಹೇಳಿದರೆ ಯಾರಿಗೂ ರುಚಿಸುವುದಿಲ್ಲ. ಬೋರ್‌ವೆಲ್ಲನ್ನು ಬಯ್ಯುವುದು ಸುಲಭ.

ಫ್ರೇಯರ್ ಕೈ ಪಳಗಿದ್ದು ಈ ಕಲ್ಲುಗಳ ಮೇಲೆಯೇ. ಐರ್ಲೆಂಡಿನ ಗಾಲ್ವೇ ಕಡೆಯವನು, 1875ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿ ಉತ್ತರ ಭಾರತದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ. ಬೋಸ್ಟನ್ನಿನ ಬಿಗೆಲೋ 1878ರಲ್ಲಿ ಹೇಳಿಕೊಟ್ಟ, ಕಲ್ಲನ್ನು ಒಳಗೇ ಪುಡಿಮಾಡಿ ಅದೇ ಸಲಕ್ಕೆ ಹೊರಗೆ ತೊಳೆದು ತೆಗೆಯುವ ವಿಧಾನದಲ್ಲಿ ನೂರಾರು ರೋಗಿಗಳಿಗೆ ಚಿಕಿತ್ಸೆ ಮಾಡಿದ. ರಾಂಪುರದ ನವಾಬರಿಂದ ಒಂದು ಲಕ್ಷ ರೂಪಾಯಿ ಫೀಜು ಪಡೆದದ್ದು ಸರ್ಕಾರದೊಂದಿಗೆ ದೊಡ್ಡ ಜಗಳವಾಯಿತು. ನಿವೃತ್ತನಾಗಿ ಲಂಡನ್ನಿಗೆ ಹೋಗಿ, ಸೇಂಟ್ ಪೀಟರ್ಸ್ ಆಸ್ಪತ್ರೆಯಲ್ಲಿ ಪ್ರಾಸ್ಟೇಟಿಗೆ ಕೈ ಹಾಕಿದ. 1901ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ, ಇದನ್ನು ನಾನು ಮೊದಲೇ ಮಾಡಿದ್ದೆ ಎಂದು ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಜಗಳಕ್ಕೆ ಬಂದ. ಫುಲ್ಲರನ ಮಾತಿನಲ್ಲಿ ಸತ್ಯವಿತ್ತು. ಆದರೆ ಹೆಸರು ಫ್ರೇಯರನಿಗೆ ಉಳಿಯಿತು, ಸಾವಿರಕ್ಕೂ ಹೆಚ್ಚು ಮುದುಕರಿಗೆ ಅವನು ಅದನ್ನು ಮಾಡಿ ತೋರಿಸಿದ. ಅವನ ವಿಧಾನದಲ್ಲಿ ಒಂದು ಕೈಯ ಬೆರಳು ಮೂತ್ರಕೋಶದೊಳಗೆ, ಇನ್ನೊಂದು ಕೈಯ ಬೆರಳು ಗುದನಾಳದಲ್ಲಿ, ಗ್ರಂಥಿಯನ್ನು ಮೇಲಕ್ಕೆ ಒತ್ತಿ ಹಿಡಿಯಲು. ಸುಶ್ರುತನ ವೈದ್ಯ ಕೆಳಕ್ಕೆ ಒತ್ತಿದ, ಫ್ರೇಯರ್ ಮೇಲಕ್ಕೆ. ಇಬ್ಬರಿಗೂ ಬೆರಳೇ ಕಣ್ಣು.

ಆಮೇಲಿನದು ಬೇಗ ಬೇಗ ನಡೆಯಿತು. 1926ರಲ್ಲಿ ನ್ಯೂಯಾರ್ಕಿನ ಸ್ಟರ್ನ್ ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಉಪಕರಣ ತೂರಿಸಿ ಗ್ರಂಥಿಯನ್ನು ಕೆರೆದು ತೆಗೆಯುವ ಸಾಧನ ತಂದ. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಪ್ರಾಸ್ಟೇಟಿನ ಕ್ಯಾನ್ಸರ್ ಗಂಡು ಹಾರ್ಮೋನಿನ ಮೇಲೆ ನಿಂತಿದೆ ಎಂದು ತೋರಿಸಿದ, 1966ರಲ್ಲಿ ಅದಕ್ಕೆ ನೊಬೆಲ್ ಬಂತು. ತೊಂಬತ್ತರ ದಶಕದಲ್ಲಿ ಮಾತ್ರೆಗಳು ಬಂದವು. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಈಗ ನೆಫ್ರೋ-ಯುರಾಲಜಿ ಸಂಸ್ಥೆ ಇದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರ ಹೊತ್ತಿನಿಂದ ಕ್ಯಾನ್ಸರ್ ನೋಂದಣಿ ಇಟ್ಟಿದೆ, ನಗರದ ಗಂಡಸರ ಮುಖ್ಯ ಕ್ಯಾನ್ಸರ್‌ಗಳಲ್ಲಿ ಪ್ರಾಸ್ಟೇಟ್ ಈಗ ಒಂದು. ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಊರಲ್ಲಿ ಎರಡನ್ನೂ ಒಂದೇ ಮಾಡಿ ಹೆದರುತ್ತಾರೆ. ವಯಸ್ಸಾದ ಹಾಗೆ ಗ್ರಂಥಿ ದಪ್ಪವಾಗುವುದು ಕ್ಯಾನ್ಸರ್ ಅಲ್ಲ. ಯೌವನದಲ್ಲಿ ಸುಮಾರು 20 ಗ್ರಾಂ, ಒಂದು ದೊಡ್ಡ ನೆಲ್ಲಿಕಾಯಿಯಷ್ಟು. ಅರವತ್ತರ ಹೊತ್ತಿಗೆ ಅರ್ಧದಷ್ಟು ಗಂಡಸರಲ್ಲಿ, ಎಂಬತ್ತು ದಾಟಿದ ಹತ್ತರಲ್ಲಿ ಎಂಟು ಜನರಲ್ಲಿ ಅದು ಬೆಳೆದಿರುತ್ತದೆ. ಮೂತ್ರನಾಳ ಅದರ ನಡುವೆಯೇ ಹಾಯ್ದು ಹೋಗುವುದರಿಂದ ತೊಂದರೆ. ಎಷ್ಟು ದಪ್ಪವಾಗಿದೆ ಎನ್ನುವುದಕ್ಕೂ ಎಷ್ಟು ತೊಂದರೆ ಎನ್ನುವುದಕ್ಕೂ ನೇರ ಲೆಕ್ಕವಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ, ಒಂದೇ ಸಲ ಕಂಡರೂ, ವಯಸ್ಸಾಯಿತು ಎಂದು ಸುಮ್ಮನಿರುವಂತಿಲ್ಲ.

ಔಷಧ ಇದ್ದು, ಆಸ್ಪತ್ರೆ ಇದ್ದು, ಬಸ್ಸಿನ ದಾರಿಯೂ ಇದ್ದ ಕಾಲದಲ್ಲಿ ನಮ್ಮ ತಾತ ಏಳು ವರ್ಷ ಯಾರಿಗೂ ಹೇಳದೆ ಕಳೆದರು.

ತಾತ ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ರೈತ. ಊರಿನ 'ಕುರುಕ್ಷೇತ್ರ' ನಾಟಕದಲ್ಲಿ ಅವರದು ಶಕುನಿ. ನಮ್ಮ ಕಡೆ ಆ ನಾಟಕ ರಾತ್ರಿ ಶುರುವಾದರೆ ಬೆಳಗಿನ ಜಾವಕ್ಕೇ ಮುಗಿಯುವುದು. ಬಣ್ಣ, ಕಚ್ಚೆ, ಮೇಲೆ ಬಿಗಿದ ಪಟ್ಟಿ, ಇವನ್ನೆಲ್ಲ ಹಾಕಿಕೊಂಡಮೇಲೆ ಬಿಚ್ಚುವಂತಿಲ್ಲ. ಅರವತ್ತೈದು ಆಗುತ್ತಿದ್ದಂತೆ ತಾತ ಪಾತ್ರ ಬಿಟ್ಟರು. ಕೇಳಿದವರಿಗೆ "ಕಂಠ ಹೋಯ್ತು" ಅಂದರು. ಕಂಠ ಹೋಗಿರಲಿಲ್ಲ, ತೋಟದಲ್ಲಿ ಸೊಪ್ಪು ಕಟಾವು ಮಾಡುವಾಗ ಹಾಡುವುದನ್ನು ನಾನೇ ಕೇಳಿದ್ದೇನೆ. ಆಮೇಲೆ ಮದುವೆಗಳಿಗೆ ಹೋಗುವುದು ನಿಂತಿತು. ತಿರುಪತಿಗೆ ಹೊರಟ ಬಸ್ಸಿನಿಂದ ಹೆಸರು ತೆಗೆಸಿದರು. ಸಂಜೆ ಆರರ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಒಳಗಿನ ಕೋಣೆಯಿಂದ ಜಗುಲಿಗೆ ಹಾಸಿಗೆ ತಂದುಕೊಂಡರು, ಸೆಕೆ ಅಂದರು, ಜನವರಿಯಲ್ಲೂ. ಒಂದು ಕಾಯಿಲೆ ಒಬ್ಬ ಗಂಡಸನ್ನು ರಂಗದಿಂದ, ಛತ್ರದಿಂದ, ಬಸ್ಸಿನಿಂದ ಒಂದೊಂದಾಗಿ ಹೊರಗೆ ಕಳಿಸುತ್ತಿತ್ತು. ಮನೆಯವರು ಅದಕ್ಕೆ ವೈರಾಗ್ಯ ಎಂದು ಹೆಸರಿಟ್ಟರು. ಅಜ್ಜಿ ಒಬ್ಬಳಿಗೆ ಗೊತ್ತಿತ್ತು, ರಾತ್ರಿ ಬಾಗಿಲ ಸದ್ದು ಎಣಿಸುವವಳು ಅವಳೇ.

ಡಾಕ್ಟರಿಗೆ ತೋರಿಸಿದ್ದೂ ಆಯಿತು. ಆ ಕೋಣೆಯಲ್ಲಿ ಡಾಕ್ಟರ ಜತೆ ನರ್ಸು, ಪಕ್ಕದಲ್ಲಿ ನನ್ನ ಅಮ್ಮ, ಅಂದರೆ ಅವರ ಸೊಸೆ. "ಯೂರಿನ್ ಫ್ಲೋ ಹೇಗಿದೆ? ಕಂಟ್ರೋಲ್ ಇದೆಯಾ?" ಎಂದು ಕೇಳಿದರು. ತಾತ "ಏನಿಲ್ಲ ಸ್ವಾಮಿ, ಎಲ್ಲಾ ಸರಿಯಾಗೈತೆ, ಮಂಡಿ ನೋವು ಅಷ್ಟೇ" ಎಂದು ಮಂಡಿಗೆ ಮಾತ್ರೆ ತಗೊಂಡು ಬಂದರು.

ಇದಕ್ಕೆ ಬರೀ ನಾಚಿಕೆ ಎನ್ನುವುದು ನನಗೆ ಸಾಲದು. ನಮ್ಮ ಹಳ್ಳಿಗಳಲ್ಲಿ 'ಆಪರೇಷನ್' ಎಂಬ ಪದಕ್ಕೆ ಒಂದೇ ಅರ್ಥವಿದೆ. "ಆಪರೇಷನ್ ಆಗಿದೆಯಾ?" ಎಂದರೆ ಮಕ್ಕಳಾಗದ ಹಾಗೆ ಮಾಡಿಸಿಕೊಂಡಿದ್ದೀರಾ ಎಂದು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆದ ಸೀಮೆ, ಅದನ್ನು ಜಗತ್ತಿನಲ್ಲೇ ಮೊದಲು ಎಂದು ಹೇಳಿಕೊಳ್ಳುತ್ತೇವೆ. ಅದಾಗಿ ನಲವತ್ತೈದು ವರ್ಷಕ್ಕೆ ತುರ್ತುಪರಿಸ್ಥಿತಿ. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಬಹುಪಾಲು ಗಂಡಸರಿಗೆ. ಉತ್ತರದಷ್ಟು ಕ್ರೂರವಾಗಿ ಇಲ್ಲಿ ನಡೆಯದಿದ್ದರೂ ಸುದ್ದಿಗೆ ಗಡಿ ಎಲ್ಲಿದೆ? ಜೀಪು ಬಂತೆಂದರೆ ರಾಗಿ ಹೊಲಕ್ಕೆ ಓಡಿ ಅಡಗುತ್ತಿದ್ದ ಕಥೆಯನ್ನು ತಾತ ತಮಾಷೆಯಾಗಿ ಹೇಳುತ್ತಿದ್ದರು. ಆಗ ಅವರಿಗೆ ಮೂವತ್ತಾರು. ಲೆಕ್ಕ ಹಾಕಿ ನೋಡಿ. ಅಂದು ಮೂವತ್ತು, ನಲವತ್ತರಲ್ಲಿದ್ದ ಗಂಡಸರೇ 2005, 2010ರ ಹೊತ್ತಿಗೆ ಅರವತ್ತು, ಎಪ್ಪತ್ತು ಮುಟ್ಟಿ, ಮೂತ್ರ ಕಟ್ಟುವ ವಯಸ್ಸಿಗೆ ಬಂದವರು. ಸರ್ಕಾರ ತನ್ನ ಜನ್ಮದಲ್ಲಿ ಒಮ್ಮೆ ಮಾತ್ರ ಅವರ ಆ ಅಂಗದ ವಿಚಾರ ಕೇಳಿತ್ತು, ಅದೂ ಲೆಕ್ಕ ತುಂಬಿಸಲು. 'ಅಲ್ಲಿ' ಕೈ ಹಾಕುವ ಯಾವ ಡಾಕ್ಟರನ್ನೂ ಅವರು ನಂಬದೆ ಹೋದದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಉಳಿದ ಜಾಗವನ್ನು ಬಸ್ ಸ್ಟ್ಯಾಂಡಿನ ಗೋಡೆಗಳು ತುಂಬಿದವು. 'ಗುಪ್ತರೋಗ' ಎಂಬ ದಪ್ಪಕ್ಷರದ ಕೆಳಗೆ ಮೂತ್ರದ ಉರಿಯೂ ಸ್ವಪ್ನಸ್ಖಲನವೂ ಒಂದೇ ಪಟ್ಟಿಯಲ್ಲಿ, ಇಂತಿಂಥ ತಾರೀಖು ಇಂತಿಂಥ ಲಾಡ್ಜ್. ಎಪ್ಪತ್ತರ ಮುದುಕ ಆ ಪಟ್ಟಿಯಲ್ಲಿ ತನ್ನ ಕಾಯಿಲೆ ನೋಡಿದಮೇಲೆ ಸೊಸೆಯ ಮುಂದೆ ಬಾಯಿ ಬಿಡುತ್ತಾನೆಯೇ?

ಹೆಂಗಸರ ದೇಹಕ್ಕೆ ಕನ್ನಡದಲ್ಲಿ ಅನುಪಮಾ ನಿರಂಜನರ 'ತಾಯಿ-ಮಗು', 'ವಧುವಿಗೆ ಕಿವಿಮಾತು' ಬಂದವು. ಮದುವೆಯ ಉಡುಗೊರೆಯಾಗಿ ಕೊಡುವಷ್ಟು ಅವು ಮನೆಮಾತಾದವು. ಅಷ್ಟು ಮನೆಮಾತಾದ ಪುಸ್ತಕ ಗಂಡಸಿನ ಮುಪ್ಪಿಗೆ ಬರಲಿಲ್ಲ.

ನಾನು ಪಿಯುಸಿಯಲ್ಲಿದ್ದಾಗ ಒಂದು ರಾತ್ರಿ ತಾತನಿಗೆ ಪೂರ್ತಿ ಕಟ್ಟಿಕೊಂಡಿತು. ಎರಡು ದಿನದಿಂದ ನೆಗಡಿ, ಅಂಗಡಿಯಿಂದ ತಂದ ಮಾತ್ರೆ ನುಂಗಿದ್ದರು. ನೆಗಡಿ, ಕೆಮ್ಮಿಗೆ ಕೊಡುವ ಎಷ್ಟೋ ಔಷಧಗಳು ಮೂತ್ರಕೋಶದ ಕತ್ತನ್ನು ಬಿಗಿ ಮಾಡುತ್ತವೆ, ಇಲ್ಲವೇ ಅದರ ಸ್ನಾಯುವನ್ನು ಮಂದ ಮಾಡುತ್ತವೆ. ಮೊದಲೇ ದಾರಿ ಕಿರಿದಾದವರಿಗೆ ಅಷ್ಟು ಸಾಕು ಎಂದು ನನಗೆ ಆಮೇಲೆ ತಿಳಿಯಿತು. ಪಕ್ಕದ ಮನೆಯ ಟೊಮೆಟೊ ಸಾಗಿಸುವ ಗಾಡಿಯಲ್ಲಿ ಮಲಗಿಸಿ ಹೊಸಕೋಟೆ ಕಡೆ ಕರೆದುಕೊಂಡು ಹೋದೆವು. ಪ್ರತಿ ಹಂಪಿಗೂ ತಾತ ಕಿರುಚಿದರು. ರಬ್ಬರ್ ನಳಿಗೆ ಹಾಕಿದಾಗ ಒಂದು ಲೀಟರಿಗಿಂತ ಹೆಚ್ಚು ಬಂತು. "ಜೀವ ಬಂತು" ಅಂದರು, ಅಲ್ಲೇ ನಿದ್ದೆ ಹೋದರು. ಆಮೇಲೆ ಆಪರೇಷನ್ ಆಯಿತು. ಆದರೆ ಏಳು ವರ್ಷ ಹಿಂದಕ್ಕೆ ಒತ್ತಿದ ನೀರು ಅಷ್ಟರಲ್ಲಿ ಕಿಡ್ನಿಗಳನ್ನು ಸೊರಗಿಸಿತ್ತು. ಅವು ಮತ್ತೆ ಸರಿಹೋಗಲಿಲ್ಲ. ತಾತ ಇನ್ನು ಐದು ವರ್ಷ ಇದ್ದರು, ಉಪ್ಪಿಲ್ಲದ ಊಟ ಮಾಡಿಕೊಂಡು.

1992ರಲ್ಲಿ ಅಮೆರಿಕದ ಮೂತ್ರವೈದ್ಯರ ಸಂಘ ಏಳು ಪ್ರಶ್ನೆಗಳ ಒಂದು ಪಟ್ಟಿ ಮಾಡಿತು. ಒಂದೊಂದಕ್ಕೂ ಸೊನ್ನೆಯಿಂದ ಐದು ಅಂಕ, ಒಟ್ಟು 35. ಆಮೇಲೆ ಎಂಟನೆಯ ಪ್ರಶ್ನೆಯೊಂದು ಸೇರಿತು. ಜಗತ್ತಿನ ಎಲ್ಲ ಕಡೆ ಪ್ರಾಸ್ಟೇಟ್ ತೊಂದರೆಯನ್ನು ಅಳೆಯುವುದು ಇದರಿಂದಲೇ. ನಾನು ನೋಡಿದ ಒಂದು ಕನ್ನಡ ರೂಪದಲ್ಲಿ 'ಮೂತ್ರ ವಿಸರ್ಜನೆಯ ಧಾರೆಯ ಕ್ಷೀಣತೆ', 'ಅಪೂರ್ಣ ವಿಸರ್ಜನೆಯ ಭಾವನೆ' ಎಂಬಂಥ ಮಾತುಗಳಿದ್ದವು. ಜಲಬಾಧೆ ಎನ್ನುವ ನಾಗರಿಕರ ಮಾತೇ ತಾತನಿಗೆ ಬರುತ್ತಿರಲಿಲ್ಲ. ಕಿಟೆಲ್ಲನ ನಿಘಂಟಿನಲ್ಲಿ 1894ರಲ್ಲೇ ಮರ್ಯಾದೆಯಿಂದ ಕೂತಿರುವ 'ಉಚ್ಚೆ' ಎಂಬ ಅಚ್ಚಗನ್ನಡ ಪದವನ್ನು ಡಾಕ್ಟರ ಮುಂದೆ ಆಡಬಾರದು ಎಂದು ಅವರಿಗೆ ಯಾರೋ ಕಲಿಸಿದ್ದರು.

ಹೋದ ವರ್ಷ ಆ ಪಟ್ಟಿಯನ್ನು ಹಿಡಿದುಕೊಂಡು ನಾನು ಸೂಲಿಬೆಲೆ ಸುತ್ತಿನ ಅರಳಿಕಟ್ಟೆಗಳಲ್ಲಿ, ಹಾಲಿನ ಡೇರಿಯ ಮುಂದೆ, ಮುದುಕರ ಜೊತೆ ಕೂತೆ. ಗಂಡಸರೇ ಇದ್ದ ಕಡೆ, ಸಂಜೆ ಹೊತ್ತು. ಮೊದಲು ತಾತನ ಕಥೆ ಹೇಳುತ್ತಿದ್ದೆ, ಆಮೇಲೆ ಪ್ರಶ್ನೆ. ಮಾತು ಬರುವುದಿಲ್ಲ ಎಂದುಕೊಂಡಿದ್ದವನಿಗೆ ಮಾತಿನ ಸುಗ್ಗಿ. ಧಾರೆಯ ಕ್ಷೀಣತೆಗೆ ಒಬ್ಬರು "ಮುಂಚೆ ಬೇಲಿ ದಾಟ್ತಿತ್ತು, ಈಗ ಕಾಲ್ ಮೇಲೇ ಬೀಳ್ತೈತೆ" ಅಂದರು. ನಿಂತು ನಿಂತು ಬರುವುದಕ್ಕೆ "ಕರೆಂಟ್ ಬಂದ್ ಬಂದ್ ಹೋದಂಗೆ, ಮೋಟ್ರು ಕೆಮ್ಮದಂಗೆ." ಪೂರ್ತಿ ಆಗಿಲ್ಲ ಎನ್ನಿಸುವುದಕ್ಕೆ "ಪಂಚೆ ಕಟ್ಕೊಂಡ್ ಮೇಲೆ ಮತ್ತೆ ಕರೀತೈತೆ." ತಡೆಯಲಾಗದ್ದಕ್ಕೆ "ಚಿಲಕ ತೆಗಿಯೋವಷ್ಟು ಪುರುಸೊತ್ತು ಕೊಡಲ್ಲ." ಮುಕ್ಕಿ ಮಾಡುವುದಕ್ಕೆ "ಹೆರಿಗೆ ನೋವು ಕಣಪ್ಪ, ನಗಬ್ಯಾಡ." ಅಮೆರಿಕದ ಸಂಘದ ಏಳೂ ಪ್ರಶ್ನೆಗಳಿಗೆ ಏಳೂ ಲಕ್ಷಣಗಳು ಇಲ್ಲಿ ಮೊದಲೇ ಹೆಸರು ಪಡೆದಿದ್ದವು. ನನ್ನ ನೋಟ್‌ಬುಕ್ಕಿನಲ್ಲಿ ಈಗ ಇಂಥ ಮೂವತ್ತೊಂದು ಮಾತುಗಳಿವೆ. ಪ್ರಬಂಧದಲ್ಲಿ ಅವನ್ನು ಎಲ್ಲಿ ಹಾಕುತ್ತೀಯ ಎಂದು ಮಾರ್ಗದರ್ಶಕರು ಕೇಳುತ್ತಾರೆ. ಅಡಿಟಿಪ್ಪಣಿಯಲ್ಲಂತೂ ಅಲ್ಲ ಎಂದು ಹೇಳಿದ್ದೇನೆ.

ಎಂಟನೆಯ ಪ್ರಶ್ನೆ ಅಂಕಕ್ಕೆ ಸೇರುವುದಿಲ್ಲ. ಇನ್ನು ಮುಂದೆ ಬದುಕಿರುವಷ್ಟು ದಿನ ಇದು ಹೀಗೇ ಇದ್ದರೆ ನಿಮಗೆ ಹೇಗನ್ನಿಸುತ್ತದೆ ಎಂಬುದು ಆ ಪ್ರಶ್ನೆ. ಕಟ್ಟೆಯ ಮೇಲೆ ಇದನ್ನು ಕೇಳಿದಾಗ ಬಹಳ ಜನ ಸುಮ್ಮನಾದರು. ಒಬ್ಬ ಯಜಮಾನರು, ಎಪ್ಪತ್ತೆರಡೋ ಮೂರೋ ಇರಬೇಕು, ಬೀಡಿ ಆರಿಸಿ ಬೇರೆಯೇ ಒಂದನ್ನು ಕೇಳಿದರು. "ಅದಿರ್ಲಿ ಮರಿ, ತಿರುಪತಿ ಬಸ್ಸು ಈಗ ಎಲ್ಲೆಲ್ಲಿ ನಿಲ್ಲಿಸ್ತಾರೆ?" ನಾನು ಕೋಲಾರ ಅಂದೆ. "ಆಮೇಲೆ ಮುಳಬಾಗಿಲು," ಎಂದು ಅವರೇ ಬೆರಳು ಮಡಚಿದರು. "ಆಮೇಲೆ ಪಲಮನೇರು. ಪಲಮನೇರಿಂದ ಚಿತ್ತೂರು ಎಷ್ಟು ಹೊತ್ತು?"